ಹಾಯಿದೋಣಿಯ ಕೊಕ್ಕೆ ತಾನಾಗೇ ಬಿಟ್ಟುಕೊಂಡರೆ ಎಲ್ಲಿ ಹುಡುಕಬೇಕು

ಕಳೆದ ಜನವರಿಯ ಒಂದು ಮಧ್ಯಾಹ್ನ ನಮ್ಮ ದೋಣಿಯ ಮುಂದಿನ ಹಾಯಿ ಸರ್ರನೆ ಕೆಳಗೆ ಬಂತು. ನಾವು ಕೆರೆಯ ನಡುವೆ ಇದ್ದೆವು. ಗಾಳಿ ಅಂಥ ಜೋರೇನೂ ಇರಲಿಲ್ಲ. ಚುಕ್ಕಾಣಿ ಹಿಡಿದಿದ್ದವಳು ನನ್ನ ತಂಗಿಯ ಮಗಳು, ಹನ್ನೊಂದು ವರ್ಷದವಳು. ಒದ್ದೆ ಬಟ್ಟೆ ಅವಳ ಮುಂದೆ ಗುಡ್ಡೆಯಾಗಿ ಬಿತ್ತು. ತಲೆ ಎತ್ತಿ ನೋಡಿದರೆ ಹಾಯಿ ಎತ್ತುವ ಹಗ್ಗದ ಕೊಕ್ಕೆ ಕಂಬದ ತುದಿಯ ರಾಟೆಗೆ ಹೋಗಿ ಕೂತಿತ್ತು. ಕೊಕ್ಕೆ ಮುರಿದಿರಲಿಲ್ಲ, ಬಗ್ಗಿರಲಿಲ್ಲ. ಬಾಗಿಲು ಸರಿಯಾಗಿ ಮುಚ್ಚಿಕೊಂಡೇ ಇತ್ತು. ಒಳಗೆ ಹಾಯಿ ಮಾತ್ರ ಇರಲಿಲ್ಲ.

ಅದಾದ ಮೇಲೆ ಇನ್ನೂ ಎರಡು ಸಲ ಹಾಗೇ ಆಯಿತು. ಕಾರಣ ಹುಡುಕಲು ನನಗೆ ಸುಮಾರು ಎರಡು ತಿಂಗಳು ಹಿಡಿಯಿತು. ಹುಡುಕುವಾಗ ಮನೆಯಲ್ಲಿದ್ದ ಎಲ್ಲ ಕೊಕ್ಕೆಗಳನ್ನೂ ಮೇಜಿನ ಮೇಲೆ ಸುರಿದು ಒಂದೊಂದಾಗಿ ನೋಡಿದೆ. ಅವುಗಳಲ್ಲಿ ನಾಲ್ಕೈದು ಬೇರೆ ಬೇರೆ ರೋಗಗಳಿದ್ದವು. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ. ದೋಣಿ ಇಲ್ಲದವರೂ ಓದಬಹುದು. ಇದೇ ಕೊಕ್ಕೆಗಳು ನಮ್ಮಲ್ಲಿ ಮೆಣಸು ಕೊಯ್ಯುವ ಏಣಿಗೂ ಮರಗಸಿಯ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸದ ಹಗ್ಗಕ್ಕೂ ಹೋಗುತ್ತವೆ. ಅಲ್ಲಿ ಕೊಕ್ಕೆ ಬಿಟ್ಟುಕೊಂಡರೆ ಕೆಳಗೆ ಬೀಳುವುದು ಬಟ್ಟೆಯಲ್ಲ, ಮನುಷ್ಯ.

ನಮ್ಮದು ಹನ್ನೊಂದು ಅಡಿಯ ಪ್ಲೈವುಡ್ ದೋಣಿ. ಒಂದು ಮಳೆಗಾಲ ಪೂರ್ತಿ ಕೂತು ನಾವೇ ಕಟ್ಟಿದ್ದು. ಕೊಡಗಿನ ಸುಂಟಿಕೊಪ್ಪದ ಕಡೆಯ ತೋಟದ ಕೆರೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ಚಳಿಗಾಲದಲ್ಲಿ ಒಂದೆರಡು ಸಲ ಸಂಪಾಜೆ ಘಾಟಿ ಇಳಿಸಿ ಮಂಗಳೂರಿನ ಕಡೆ ಸಮುದ್ರಕ್ಕೂ ಒಯ್ಯುತ್ತೇವೆ. ಹಾರಂಗಿಯಂಥ ಜಲಾಶಯಕ್ಕೆ ಅನುಮತಿ ಇಲ್ಲದೆ ದೋಣಿ ಇಳಿಸುವ ಹಾಗಿಲ್ಲ, ಅದು ಗೊತ್ತಿರಲಿ.

ಮೊದಲು ನಾಲ್ಕು ಹೆಸರು ಹೇಳಿಬಿಡುತ್ತೇನೆ, ಮುಂದೆ ಗೊಂದಲ ಆಗಬಾರದು. ಕೊಕ್ಕೆಯಲ್ಲಿ ಒಳಗೆ ಮಡಚುವ ಭಾಗ ಬಾಗಿಲು. ಬಾಗಿಲು ಬಂದು ಕೂರುವ ತುದಿ ಮೂಗು. ಎದುರಿನ ಉದ್ದನೆಯ ಭಾಗ ಬೆನ್ನು. ಬಾಗಿಲು ತಿರುಗುವ ಜಾಗದಲ್ಲಿ ಒಂದು ಪಿನ್ನು, ಅದರ ಪಕ್ಕ ಸ್ಪ್ರಿಂಗು. ಸ್ನ್ಯಾಪ್ ಹುಕ್ ಅಂದರೆ ಒತ್ತಿದರೆ ತೆರೆದು ಬಿಟ್ಟರೆ ಮುಚ್ಚುವಂಥದ್ದು. ಕ್ಯಾರಾಬಿನರ್ ಕೂಡ ಅದೇ ಜಾತಿ. ಬೆಟ್ಟ ಹತ್ತುವವರು ಬಳಸುವುದಕ್ಕೆ ಶಕ್ತಿ ಹೆಚ್ಚು, ಕೆಲವಕ್ಕೆ ತಿರುಗಿಸುವ ಬೀಗವೂ ಇರುತ್ತದೆ. ಹೆಸರು ಜರ್ಮನ್ ಭಾಷೆಯಿಂದ ಬಂದದ್ದು. ಕಾರ್ಬೈನ್ ಬಂದೂಕನ್ನು ಪಟ್ಟಿಗೆ ಸಿಕ್ಕಿಸುವ ಕೊಕ್ಕೆಗೆ ಹಾಗೆ ಹೇಳುತ್ತಿದ್ದರು. ಕೋವಿಯ ನಾಡಿನ ನಮಗೆ ಇದು ದೂರದ ನೆಂಟನಲ್ಲ, ಅಲ್ವಾ?

ಮುರಿದಿಲ್ಲ, ಬಗ್ಗಿಲ್ಲ, ಆದರೂ ಬಿಟ್ಟುಕೊಂಡಿದೆ

ಎಲ್ಲಕ್ಕಿಂತ ಹೆಚ್ಚು ಬರುವ ದೋಷ ಇದೇ. ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಕೊಕ್ಕೆ ಚಿಕ್ಕದಾಯಿತು ಅಂದುಕೊಂಡು ಅಂಗಡಿಗೆ ಹೋಗಿ ದೊಡ್ಡದು ತಂದೆ. ದೊಡ್ಡದು ಮೊದಲಿನದಕ್ಕಿಂತ ಬೇಗ ಬಿಟ್ಟುಕೊಂಡಿತು.

ಆಗ ಕಾಗದ ಹಿಡಿದು ಲೆಕ್ಕ ಹಾಕಿದೆ. ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 6 ಕೆ.ಜಿ. ತೂಕದಷ್ಟು ಒತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಮ್ಮ ಮುಂದಿನ ಹಾಯಿ ಎರಡು ಚದರ ಮೀಟರಿನಷ್ಟು. ಹಾಯಿಯ ಆಕಾರದಿಂದ ಬರುವ ಎಳೆತ ಸೇರಿಸಿದರೂ 15-20 ಕೆ.ಜಿ. ದಾಟುವುದಿಲ್ಲ. ಹಗ್ಗವನ್ನು ನಾವು ಬಿಗಿಯುವ ಎಳೆತ ಅದಕ್ಕಿಂತ ಜಾಸ್ತಿ. ಅದನ್ನೂ ಕೂಡಿಸಿದರೂ 8 ಮಿ.ಮೀ. ದಪ್ಪದ ಒಂದು ಸಾಧಾರಣ ಉಕ್ಕಿನ ಕೊಕ್ಕೆಗೆ ಅದು ಭಾರವೇ ಅಲ್ಲ. ಹಾಗಾದರೆ ಶಕ್ತಿ ಸಾಲದೆ ಬಿಟ್ಟುಕೊಂಡಿದ್ದು ಅನ್ನುವ ಮಾತೇ ಸುಳ್ಳು. ಅಂಗಡಿಯಲ್ಲಿ ಎಲ್ಲರೂ ಕೇಳುವುದು “ಎಷ್ಟು ಕೆ.ಜಿ. ತಡೆಯುತ್ತೆ?” ಅಂತ. ಸಣ್ಣ ದೋಣಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆ “ಬಾಗಿಲು ಯಾವಾಗ ತೆರೆದುಕೊಳ್ಳುತ್ತೆ?” ಅನ್ನುವುದು.

ಉತ್ತರ ಸಿಕ್ಕಿದ್ದು ಕಾಫಿ ಕಣದಲ್ಲಿ. ಕೊಯ್ಲಿನ ನಡುವೆ ಒಂದು ದಿನ ಕಣ ಖಾಲಿ ಇತ್ತು. ದೋಣಿಯನ್ನು ಅಲ್ಲಿಗೆ ಎಳೆದು, ಕಂಬ ನಿಲ್ಲಿಸಿ, ಹಾಯಿಯನ್ನು ಆಳೆತ್ತರಕ್ಕೆ ಮಾತ್ರ ಎತ್ತಿದೆ. ಕೊಕ್ಕೆ ಕಣ್ಣಿನ ಮಟ್ಟಕ್ಕೆ ಬಂತು. ತಂಗಿಯ ಮಗಳು ಹಾಯಿಯ ಮೂಲೆ ಹಿಡಿದು ಪಟಪಟ ಒದರಿದಳು. ನಾನು ಕೊಕ್ಕೆಯನ್ನೇ ನೋಡುತ್ತ ನಿಂತೆ. ಹತ್ತು ನಿಮಿಷದಲ್ಲಿ ಎಲ್ಲ ಕಂಡಿತು.

ಹಾಯಿಯ ತಲೆಗೆ ಹೊಲಿದಿದ್ದ ಉಕ್ಕಿನ ಉಂಗುರ ಚಿಕ್ಕದು. ಹಾಯಿ ಬಡಿದಾಗ ಹಗ್ಗ ಒಂದು ಕ್ಷಣ ಸಡಿಲ ಆಗುತ್ತಿತ್ತು. ಆ ಸಡಿಲದಲ್ಲಿ ಉಂಗುರ ಕೊಕ್ಕೆಯ ತಳದಿಂದ ಎದ್ದು, ಮೂಗಿನ ಕಡೆ ಜಾರಿ, ಮಗುಚಿ ಬಾಗಿಲಿನ ಹೊರಮೈ ಮೇಲೆ ಅಡ್ಡ ಮಲಗುತ್ತಿತ್ತು. ಮರುಕ್ಷಣ ಹಗ್ಗ ಬಿಗಿಯಾದಾಗ ಉಂಗುರವೇ ಬಾಗಿಲನ್ನು ಒಳಕ್ಕೆ ಒತ್ತಿ ಹೊರಗೆ ಬರುತ್ತಿತ್ತು. ನಾವು ಬೆರಳಿನಿಂದ ಮಾಡುವ ಕೆಲಸವನ್ನೇ ಉಂಗುರ ಮಾಡುತ್ತಿತ್ತು. ಉಂಗುರ ಹೊರಬಿದ್ದ ಮೇಲೆ ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತಿತ್ತು. ಅದಕ್ಕೇ ಪ್ರತಿ ಸಲ ಮುಚ್ಚಿದ ಕೊಕ್ಕೆ ಕಾಣುತ್ತಿದ್ದದ್ದು.

ಎತ್ತರದಲ್ಲಿ ಕೆಲಸ ಮಾಡುವವರು ಇದನ್ನು ರೋಲ್ಔಟ್ ಅನ್ನುತ್ತಾರೆ. ಕೊಕ್ಕೆ ದೊಡ್ಡದು, ಉಂಗುರ ಚಿಕ್ಕದು ಆದಾಗ ಇದು ಸುಲಭ. ಚಿಕ್ಕ ಉಂಗುರಕ್ಕೆ ಕೊಕ್ಕೆಯೊಳಗೆ ಸರಾಗವಾಗಿ ತಿರುಗಲು ಆಗುವುದಿಲ್ಲ. ಸಿಕ್ಕಿಕೊಂಡು ಬಾಗಿಲಿನ ಮೇಲೆ ಮೀಟುಗೋಲಿನ ಹಾಗೆ ಕೂರುತ್ತದೆ. ನಾನು ಇನ್ನೂ ದೊಡ್ಡ ಕೊಕ್ಕೆ ತಂದು ದೋಷವನ್ನು ಹೆಚ್ಚು ಮಾಡಿದ್ದೆ. ಒಂದೇ ಉಂಗುರಕ್ಕೆ ಎರಡು ಕೊಕ್ಕೆ ಹಾಕಿದಾಗಲೂ, ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿದಾಗಲೂ ಇದೇ ಆಗುತ್ತದೆ.

ನಿಮ್ಮ ಕೊಕ್ಕೆಯಲ್ಲಿ ಈ ದೋಷ ಇದೆಯಾ ಅಂತ ನೋಡಲು ಕಣ ಬೇಕಿಲ್ಲ. ಒಂದು ಕೈಯಲ್ಲಿ ಉಂಗುರ, ಇನ್ನೊಂದರಲ್ಲಿ ಕೊಕ್ಕೆ ಹಿಡಿಯಿರಿ. ಉಂಗುರವನ್ನು ಮೂಗಿನ ಹತ್ತಿರ ತಂದು, ಮಣಿಕಟ್ಟು ತಿರುಗಿಸಿ, ಎಳೆಯಿರಿ. ಎರಡೂ ದಿಕ್ಕಿಗೆ ಹತ್ತತ್ತು ಸಲ ಮಾಡಿ. ಒಮ್ಮೆ ಹೊರಗೆ ಬಂದರೂ ಆ ಜೋಡಿ ಬೇಡ. ಕೊಕ್ಕೆಯನ್ನು ಬಯ್ಯಬೇಡಿ, ಜೋಡಿಯನ್ನು ಬದಲಿಸಿ. ಇದೇ ಕೊಕ್ಕೆ ಬೇರೆ ಉಂಗುರದಲ್ಲಿ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಬಹುದು.

ನಮ್ಮ ದೋಣಿಯಲ್ಲಿ ಆ ಜಾಗದಿಂದ ಕೊಕ್ಕೆಯನ್ನೇ ತೆಗೆದೆ. ಹಗ್ಗವನ್ನು ನೇರ ಉಂಗುರಕ್ಕೆ ಬೋಲೈನ್ ಗಂಟು (ಜಾರದ ಕುಣಿಕೆಯ ಗಂಟು) ಹಾಕಿ ಕಟ್ಟಿದೆ. ಹಾಯಿ ಬಿಚ್ಚಲು ಅರ್ಧ ನಿಮಿಷ ಹೆಚ್ಚು ಬೇಕು, ಅಷ್ಟೇ. ದಿನಾ ಬಿಚ್ಚಿ ಕಟ್ಟುವವರು ಸಣ್ಣ ಶ್ಯಾಕಲ್, ಅಂದರೆ ಬಾಯಿಗೆ ಪಿನ್ನು ಹಾಕಿ ಮುಚ್ಚುವ ಕೊಂಡಿ, ಹಾಕಿಕೊಳ್ಳಬಹುದು. ಅದರ ಪಿನ್ನು ಕಳಚಿ ಬೀಳದಂಥದ್ದು ಆಗಬೇಕು. ನೀರಿನ ಮೇಲೆ ಕೈಜಾರಿದ ಪಿನ್ನು ಮತ್ತೆ ಸಿಗುವುದಿಲ್ಲ.

ಉಂಗುರದ ಅಳತೆ ಸರಿ ಇದ್ದೂ ಬಿಟ್ಟುಕೊಂಡರೆ ಕೊಕ್ಕೆ ತಿರುಗಿಕೊಂಡಿದೆಯಾ ನೋಡಿ. ಕಣ್ಣು, ಅಂದರೆ ಹಗ್ಗ ಕಟ್ಟಲು ಬೇರೆ ತೂತು ಇಲ್ಲದ ಸಾದಾ ಕ್ಯಾರಾಬಿನರಿನಲ್ಲಿ ಹಗ್ಗದ ಗಂಟು ಸುತ್ತಲೂ ಓಡಾಡುತ್ತದೆ. ಒಮ್ಮೆ ಗಂಟು ಬಾಗಿಲಿನ ಮೇಲೆ ಬಂದು ನಿಂತರೆ ಭಾರ ಅಡ್ಡಡ್ಡ ಬೀಳುತ್ತದೆ. ಹಗ್ಗ ಕಟ್ಟುವ ತುದಿಯಲ್ಲಿ ಬೇರೆ ಕಣ್ಣು ಇರುವ ಕೊಕ್ಕೆ ತಂದರೆ ಗಂಟು ತನ್ನ ಜಾಗದಲ್ಲೇ ಇರುತ್ತದೆ. ದೋಣಿಗೆ ನಾನು ಈಗ ಕಣ್ಣಿರುವುದನ್ನೇ ತರುತ್ತೇನೆ.

ಇನ್ನೊಂದು ಕಾರಣ ಅಲುಗಾಟ. ದಪ್ಪ ಬಾಗಿಲಿಗೆ ತನ್ನದೇ ತೂಕ ಇದೆ. ಕೊಕ್ಕೆ ಕಂಬಕ್ಕೆ ಠಣ್ ಅಂತ ಬಡಿದಾಗ ಬಾಗಿಲು ಆ ಏಟಿಗೆ ಒಂದು ಕ್ಷಣ ತೆರೆದು ಮುಚ್ಚುತ್ತದೆ. ಅದೇ ಕ್ಷಣದಲ್ಲಿ ಎಳೆತ ಬಂದರೆ ಮುಗಿಯಿತು. ಪರೀಕ್ಷೆ ಸುಲಭ. ಕೊಕ್ಕೆಯ ಬೆನ್ನನ್ನು ಅಂಗೈಗೆ ಜೋರಾಗಿ ಬಡಿಯಿರಿ. ಬಾಗಿಲು ಟಿಕ್ ಅಂದರೆ ಅದು ತೆರೆದು ಮುಚ್ಚಿತು ಅಂತ ಅರ್ಥ. ತಂತಿ ಬಾಗಿಲಿನ ಕ್ಯಾರಾಬಿನರಿನಲ್ಲಿ ಇದು ಕಡಿಮೆ, ತಂತಿ ಹಗುರ ಅಲ್ವಾ.

ಬಾಗಿಲು ತೆರೆದಿದ್ದಾಗ ಶಕ್ತಿ ಎಷ್ಟು ಇಳಿಯುತ್ತದೆ ಅನ್ನುವುದನ್ನು ಬೆಟ್ಟ ಹತ್ತುವ ಕ್ಯಾರಾಬಿನರಿನ ಬೆನ್ನಿನ ಮೇಲೇ ಬರೆದಿರುತ್ತಾರೆ. ಯುರೋಪಿನ ಇಎನ್ 12275 ಮಾನದಂಡದ ಪ್ರಕಾರ ಸಾಮಾನ್ಯ ಮಾದರಿ ಉದ್ದಕ್ಕೆ ಕನಿಷ್ಠ 20 ಕಿಲೋನ್ಯೂಟನ್ ತಡೆಯಬೇಕು. ಬಾಗಿಲು ತೆರೆದಾಗ 7, ಅಡ್ಡ ಎಳೆದಾಗ 7. ಒಂದು ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ 100 ಕೆ.ಜಿ. ತೂಕ. ಬಾಗಿಲು ಮೂಗಿಗೆ ಕೂರದೆ ಹೋದರೆ ಮೂರನೇ ಒಂದು ಪಾಲು ಮಾತ್ರ ಉಳಿಯುತ್ತದೆ ಅಂತಾಯಿತು. ದೋಣಿ ಅಂಗಡಿಯ ಕೊಕ್ಕೆಯ ಮೇಲೆ ಇಷ್ಟೆಲ್ಲ ಬರೆದಿರುವುದಿಲ್ಲ. ಒಂದು ಅಂಕಿ ಇದ್ದರೆ ಅದು ಮುರಿಯುವ ಭಾರವೋ, ದಿನನಿತ್ಯ ಹಾಕಬಹುದಾದ ಭಾರವೋ ಅಂತ ಕೇಳಿ ತಿಳಿದುಕೊಳ್ಳಿ. ಎರಡಕ್ಕೂ ನಾಲ್ಕೈದು ಪಟ್ಟು ವ್ಯತ್ಯಾಸ ಇರುತ್ತದೆ.

ಬೆಳಿಗ್ಗೆ ಅಂಟಿಕೊಳ್ಳುವ, ಮಧ್ಯಾಹ್ನ ಸರಿಹೋಗುವ ಬಾಗಿಲು

ಇದು ನನ್ನನ್ನು ತುಂಬ ದಿನ ಕಾಡಿತು. ಡಿಸೆಂಬರಿನ ಬೆಳಿಗ್ಗೆ ಕೆರೆ ಏರಿಗೆ ಹೋಗಿ ಕೊಕ್ಕೆ ಒತ್ತಿದರೆ ಬಾಗಿಲು ಒಳಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಬೆರಳಿನಿಂದ ಎಳೆದು ಮುಚ್ಚಬೇಕಿತ್ತು. ಹನ್ನೊಂದು ಗಂಟೆ ಹೊತ್ತಿಗೆ ಅದೇ ಕೊಕ್ಕೆ ಪಟ್ ಅಂತ ಮುಚ್ಚುತ್ತಿತ್ತು. ಸ್ಪ್ರಿಂಗು ಹೋಯಿತು ಅಂದುಕೊಂಡೆ. ಸ್ಪ್ರಿಂಗು ಹೋದರೆ ಮಧ್ಯಾಹ್ನವೂ ಹೋಗಿರಬೇಕಲ್ಲ?

ಕಾರಣ ತೆಂಗಿನೆಣ್ಣೆ. ಮನೆಯಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ ಎಲ್ಲ ಕೊಕ್ಕೆಗಳಿಗೂ ತೆಂಗಿನೆಣ್ಣೆ ಸವರಿದ್ದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಂಗಳೂರಿನಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಕೊಡಗಿನ ಚಳಿಗೆ ಬಚ್ಚಲುಮನೆಯ ಸೀಸೆಯಲ್ಲಿ ಎಣ್ಣೆ ಬೆಣ್ಣೆಯಾಗುವುದನ್ನು ನಾವು ದಿನಾ ನೋಡುತ್ತೇವೆ. ಪಿನ್ನಿನ ಸಂದಿಯಲ್ಲೂ ಅದೇ ಆಗಿತ್ತು. ಬಿಸಿನೀರು, ಸ್ವಲ್ಪ ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು, ಇಷ್ಟರಲ್ಲಿ ಸರಿಹೋಯಿತು.

ಇಡೀ ದಿನ ಅಂಟುವ ಬಾಗಿಲಿಗೆ ಕಾರಣ ಬೇರೆ. ನಮ್ಮ ಕೆರೆಗಳಲ್ಲಿ ಮಳೆ ಮುಗಿದ ಮೇಲೆ ನುಣ್ಣನೆಯ ಕೆಂಪು ಗೋಡು ತುಂಬಿರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದ ಮೇಲೆ ಹಾರಂಗಿ ಕಡೆಯ ಹೊಳೆಗಳಲ್ಲಿ ಎಷ್ಟು ಹೂಳು ಬಂತು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಆ ಮಣ್ಣು ಪಿನ್ನಿನ ಸುತ್ತ ಕೂತು ಒಣಗಿದರೆ ಸಿಮೆಂಟಿನಂತಾಗುತ್ತದೆ. ಅದರ ಮೇಲೆ ಗಾಡಿಯ ಆಯಿಲ್ ಹಾಕಿದರೆ ಇನ್ನೂ ಕೆಟ್ಟದ್ದು, ಹೊಸ ಮಣ್ಣನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಸಿಲಿಕೋನ್ ಅಥವಾ ಟೆಫ್ಲಾನ್ ಇರುವ ಸ್ಪ್ರೇ ಒಂದು ಹನಿಯಷ್ಟು ಹಾಕಿ, ಮೇಲಿನದನ್ನು ಒರೆಸಿಬಿಡಿ.

ತೊಳೆದ ಮೇಲೂ ಬಾಗಿಲು ತಡವಾಗಿ ಮುಚ್ಚಿದರೆ ಸ್ಪ್ರಿಂಗು ಸೋತಿದೆ. ಬಾಗಿಲನ್ನು ಸ್ವಲ್ಪ ಮಾತ್ರ, ಒಂದು ಅಕ್ಕಿಕಾಳಿನಷ್ಟು ತೆರೆದು ಬಿಡಿ. ಪೂರ್ತಿ ತೆರೆದು ಬಿಟ್ಟಾಗ ಸೋತ ಸ್ಪ್ರಿಂಗೂ ಮುಚ್ಚಿಬಿಡುತ್ತದೆ. ಅಕ್ಕಿಕಾಳಿನಷ್ಟು ತೆರೆದಾಗಲೇ ಅದರ ಬಂಡವಾಳ ಗೊತ್ತಾಗುವುದು. ಆ ಸ್ಪ್ರಿಂಗನ್ನು ಬದಲಿಸಲು ಹೋಗಬೇಡಿ. ಕೊಕ್ಕೆ ಬಿಸಾಡಿ.

ತುಕ್ಕು: ಸಿಹಿನೀರಿನಲ್ಲಿ ಸ್ಟೇನ್‌ಲೆಸ್ ಯಾಕೆ ಕೆಟ್ಟಿತು?

ಇದಕ್ಕೆ ಉತ್ತರ ನೀರಿನಲ್ಲಿ ಇರಲಿಲ್ಲ, ಗೊಬ್ಬರದ ಕೋಣೆಯಲ್ಲಿತ್ತು. ಈ ಭಾಗವನ್ನು ತೋಟ ಇರುವವರು ದಯವಿಟ್ಟು ಗಮನ ಕೊಟ್ಟು ಓದಿ.

ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯದಿರುವುದು ಅದರಲ್ಲಿರುವ ಕ್ರೋಮಿಯಮ್ಮಿನಿಂದ. ಅದು ಮೈ ಮೇಲೆ ಕಣ್ಣಿಗೆ ಕಾಣದ ತೆಳು ಪದರ ಕಟ್ಟುತ್ತದೆ. ಆ ಪದರದ ಶತ್ರು ಕ್ಲೋರೈಡ್. ಸಮುದ್ರದ ಉಪ್ಪಿನಲ್ಲಿ ಇರುವುದು ಅದೇ. ನಾವು ಕಾಫಿಗೆ ಹಾಕುವ ಪೊಟ್ಯಾಶ್, ಚೀಲದ ಮೇಲೆ ಎಂಒಪಿ ಅಂತ ಇರುತ್ತಲ್ಲ, ಅದು ಪೊಟ್ಯಾಸಿಯಮ್ ಕ್ಲೋರೈಡ್. ಮಳೆಗಾಲದಲ್ಲಿ ಆ ಚೀಲಗಳು ತೇವ ಎಳೆದು ನೆಲವೆಲ್ಲ ಒದ್ದೆ ಮಾಡುತ್ತವೆ. ನಮ್ಮ ಹಾಯಿ, ಹಗ್ಗ, ಕೊಕ್ಕೆ ಎಲ್ಲ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಚೀಲಗಳ ಪಕ್ಕದ ಮೊಳೆಗೆ ನೇತಾಡುತ್ತಿದ್ದವು. ನಾಲ್ಕು ತಿಂಗಳು ಸಮುದ್ರದ ದಡದಲ್ಲಿ ಇಟ್ಟ ಹಾಗಾಯಿತು.

304 ದರ್ಜೆಯ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆಗೆ 2ರಿಂದ 3 ಪಾಲು ಮಾಲಿಬ್ಡಿನಮ್. ಆ ಎರಡು ಮೂರು ಪಾಲೇ ಕ್ಲೋರೈಡಿನ ಎದುರು ನಿಲ್ಲುವುದು. ಸಮುದ್ರಕ್ಕೆ ಹೋಗುವ ದೋಣಿಗೆ 316 ತೆಗೆದುಕೊಳ್ಳಿ. ಕೆರೆಗೆ 304 ಸಾಕು. ಅಯಸ್ಕಾಂತ ಹಿಡಿದು ಎರಡನ್ನೂ ಬೇರ್ಪಡಿಸಬಹುದು ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಎರಡೂ ಹೆಚ್ಚುಕಮ್ಮಿ ಅಂಟುವುದಿಲ್ಲ. ಬಗ್ಗಿಸಿ ತಯಾರಿಸಿದ ಜಾಗದಲ್ಲಿ ಎರಡೂ ಸ್ವಲ್ಪ ಅಂಟಬಹುದು. ಅಯಸ್ಕಾಂತದಿಂದ ಒಂದು ಉಪಯೋಗ ಇದೆ: ಸ್ಟೇನ್‌ಲೆಸ್ ಅಂತ ಮಾರಿದ್ದು ಬರೀ ಹೊಳಪು ಕೊಟ್ಟ ಕಬ್ಬಿಣವಾಗಿದ್ದರೆ ಟಪ್ ಅಂತ ಕಚ್ಚಿಕೊಳ್ಳುತ್ತದೆ. ಅಗ್ಗದ ಕೊಕ್ಕೆಗಳಲ್ಲಿ ಮೈ ಸ್ಟೇನ್‌ಲೆಸ್, ಪಿನ್ನು ಕಬ್ಬಿಣ ಇರುವುದೂ ಉಂಟು. ಪಿನ್ನಿನಿಂದ ಕಣ್ಣೀರು ಇಳಿದ ಹಾಗೆ ಕಂದು ಗೆರೆ ಕಂಡರೆ ಅದೇ. ಅದನ್ನು ಇಟ್ಟುಕೊಳ್ಳಬೇಡಿ.

ಮೈ ಮೇಲೆ ಹರಡಿದ ಚಹಾ ಬಣ್ಣದ ಕಲೆ ಅಷ್ಟು ಕೆಟ್ಟದ್ದಲ್ಲ. ಉಜ್ಜಿದರೆ ಹೋಗುತ್ತದೆ. ಉಜ್ಜಲು ಕಬ್ಬಿಣದ ಬ್ರಷ್ಷು ಬಳಸಬೇಡಿ, ಅದರ ಚೂರುಗಳೇ ಅಂಟಿ ಹೊಸ ತುಕ್ಕು ಹುಟ್ಟುತ್ತದೆ. ಹೆದರಬೇಕಾದದ್ದು ಸೂಜಿಮೊನೆಯಂಥ ಕಪ್ಪು ಗುಳಿಗಳಿಗೆ. ಅವು ಪಿನ್ನಿನ ಸುತ್ತ, ಬೆಸುಗೆ ಹತ್ತಿರ, ಹಗ್ಗದ ಕೆಳಗೆ ಮುಚ್ಚಿದ ಜಾಗದಲ್ಲಿ ಬರುತ್ತವೆ. ಗಾಳಿ ಸೋಕದ ಜಾಗದಲ್ಲಿ ಆ ತೆಳು ಪದರ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ ಗಂಟು ಬಿಚ್ಚಿ ನೋಡಬೇಕು. ಗಂಟು ಬಿಚ್ಚದೆ ಮಾಡಿದ ತಪಾಸಣೆ ತಪಾಸಣೆಯೇ ಅಲ್ಲ.

ಅಲ್ಯೂಮಿನಿಯಮ್ಮಿನದು ಬೇರೆ ಕಥೆ. ಗೆಳೆಯರೊಬ್ಬರು ಬೆಟ್ಟ ಹತ್ತುವ ಎರಡು ಒಳ್ಳೆಯ ಕ್ಯಾರಾಬಿನರ್ ಕೊಟ್ಟಿದ್ದರು. ಹಗುರ, ಬಲವಾದದ್ದು. ದೋಣಿಯಲ್ಲಿ ಅವನ್ನು ಸ್ಟೇನ್‌ಲೆಸ್ ಉಂಗುರಕ್ಕೆ ಹಾಕಿದೆ, ಸಮುದ್ರಕ್ಕೂ ಒಯ್ದೆ. ಉಪ್ಪುನೀರಿನಲ್ಲಿ ಆ ಎರಡು ಲೋಹ ತಾಗಿಕೊಂಡಿದ್ದರೆ ಒಂದು ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಮ್ ತಿಂದುಹೋಗುತ್ತದೆ. ಬಾಗಿಲ ಸಂದಿಯಲ್ಲಿ ಬಿಳಿ ಪುಡಿ ಕಂಡಿತು. ಆಮೇಲೆ ಅವುಗಳಲ್ಲಿ ಒಂದನ್ನು ಮನೆಯವರು ಸ್ಪ್ರೇಯರ್ ನೇತುಹಾಕಲು ಬಳಸಿದ್ದರು, ಅದು ಇನ್ನೂ ಹಾಳಾಯಿತು.

ಯಾಕೆ ಅನ್ನುವುದು ನಮ್ಮವರಿಗೆ ಆಗಲೇ ಗೊತ್ತಿದೆ. ಆ ಸ್ಪ್ರೇಯರಿನಲ್ಲಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತವನ್ನು (ತಾಮ್ರದ ಉಪ್ಪು) ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸುವುದಿಲ್ಲ. ಸುಣ್ಣ ಸಾಕಾಯಿತಾ ಅಂತ ನೋಡಲು ಚಾಕು ಅದ್ದುತ್ತೇವೆ. ಅಲಗು ಕೆಂಪಾದರೆ ತಾಮ್ರ ಅದರ ಮೇಲೆ ಕೂತಿತು, ಇನ್ನೂ ಸುಣ್ಣ ಬೇಕು. ಚಾಕುವಿನ ಮೇಲೆ ಆಗುವುದೇ ಅಲ್ಯೂಮಿನಿಯಮ್ ಮೇಲೂ ಸತುವಿನ ಲೇಪದ ಕೊಕ್ಕೆಯ ಮೇಲೂ ಆಗುತ್ತದೆ. ತಾಮ್ರ ಕೂತ ಜಾಗದ ಸುತ್ತ ಲೋಹ ಗುಳಿ ಬೀಳುತ್ತದೆ. ದೋಣಿಯ ಕೊಕ್ಕೆಯನ್ನು ಔಷಧಿ ಹೊಡೆಯುವ ಕೆಲಸಕ್ಕೆ ಕೊಡಬೇಡಿ. ಕೊಟ್ಟರೆ ವಾಪಸ್ ತೆಗೆದುಕೊಳ್ಳಬೇಡಿ.

ಹಿತ್ತಾಳೆಯ ಹಳೆಯ ಕೊಕ್ಕೆ ಹಸಿರಾದರೆ ಚಿಂತೆ ಇಲ್ಲ. ಸಮುದ್ರಕ್ಕೆ ಹೋಗಿ ಬಂದದ್ದು ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರೊಳಗಿನ ಸತು ಕರಗಿ ಹೋಗಿದೆ. ಅಂಥದ್ದು ಕೈಯಲ್ಲಿ ಗಟ್ಟಿ ಅನ್ನಿಸಿದರೂ ಬಿಸ್ಕತ್ತಿನಂತೆ ಮುರಿಯುತ್ತದೆ.

ಬಾಗಿಲು ಮೂಗಿಗೆ ಸರಿಯಾಗಿ ಕೂರುತ್ತಿಲ್ಲ

ಕೊಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಾಗಿಲಿನ ತುದಿಯೂ ಮೂಗೂ ಒಂದೇ ಗೆರೆಯಲ್ಲಿ ಇವೆಯಾ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ ಅದರ ಮೇಲೆ ಯಾವಾಗಲೋ ಅಡ್ಡ ಭಾರ ಬಿದ್ದಿದೆ. ಮೂಗು ಹೊರಗೆ ಸರಿದು ಸಂದಿ ಕಾಣುತ್ತಿದ್ದರೆ ಅದು ತನ್ನ ಶಕ್ತಿ ಮೀರಿ ಎಳೆಸಿಕೊಂಡಿದೆ. ಎರಡಕ್ಕೂ ಮದ್ದಿಲ್ಲ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ ಕೊಕ್ಕೆಯನ್ನು ನಾನು ನಮ್ಮ ಸುತ್ತಮುತ್ತ ಬೇಕಾದಷ್ಟು ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅಡ್ಡ ಭಾರ ಎಷ್ಟು ಕೆಟ್ಟದ್ದು ಅನ್ನುವುದಕ್ಕೆ ಒಂದು ನಿಜ ಘಟನೆ ಇದೆ. 2017ರ ನವೆಂಬರಿನಲ್ಲಿ ಕ್ಲಿಪರ್ ಭೂಪ್ರದಕ್ಷಿಣೆ ರೇಸಿನ ಸಿವಿ30 ಅನ್ನುವ ದೋಣಿ ದಕ್ಷಿಣ ಆಫ್ರಿಕಾದಿಂದ ಆಸ್ಟ್ರೇಲಿಯಾ ಕಡೆ ಹೋಗುತ್ತಿತ್ತು. ಮುಂಭಾಗದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರು ಬಿರುಸಿನ ಸಮುದ್ರಕ್ಕೆ ಬಿದ್ದರು. ಅವರು ಒಂದು ಪಟ್ಟಿಯಿಂದ ದೋಣಿಗೆ ಕಟ್ಟಿಕೊಂಡೇ ಇದ್ದರು. ಆದರೆ ಆ ಪಟ್ಟಿಯ ಕೊಕ್ಕೆ ಡೆಕ್ಕಿನ ಮೇಲಿನ ಹಗ್ಗ ಸುತ್ತುವ ಕ್ಲೀಟಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಎಳೆತ ಉದ್ದಕ್ಕೆ ಬೀಳದೆ ಪಕ್ಕಕ್ಕೆ ಬಿತ್ತು. ಕೊಕ್ಕೆ ಬಗ್ಗಿ ಬಿಟ್ಟುಕೊಂಡಿತು. ಅವರು ಉಳಿಯಲಿಲ್ಲ. ಬ್ರಿಟನ್ನಿನ ಸಮುದ್ರ ಅಪಘಾತ ತನಿಖಾ ಶಾಖೆ 2018ರ ಜನವರಿಯಲ್ಲೇ ಎಲ್ಲ ದೋಣಿಯವರಿಗೂ ಎಚ್ಚರಿಕೆ ಕೊಟ್ಟಿತು: ಉದ್ದಕ್ಕೆ ಎಳೆದಾಗ ತಡೆಯುವ ಭಾರಕ್ಕಿಂತ ತುಂಬ ಕಡಿಮೆಯಲ್ಲೇ ಇಂಥ ಕೊಕ್ಕೆ ಪಕ್ಕಕ್ಕೆ ಬಗ್ಗಬಹುದು. ಒಳ್ಳೆಯ ಕೊಕ್ಕೆ, ಸರಿಯಾದ ಅಂಕಿ, ಆದರೆ ತಪ್ಪು ದಿಕ್ಕು.

ಯಾವ ಜಾಗಕ್ಕೆ ಯಾವುದು

ದೋಷ ಹುಡುಕಿ ಮುಗಿದ ಮೇಲೆ ನಾನು ದೋಣಿಯಲ್ಲಿ ಉಳಿಸಿಕೊಂಡ ಕೊಕ್ಕೆಗಳು ಮೊದಲಿನ ಅರ್ಧವೂ ಇಲ್ಲ.

ಮುಂದಿನ ಹಾಯಿಯ ಹಿಂಬದಿ ಮೂಲೆಗೆ ಲೋಹದ ಕೊಕ್ಕೆ ಬೇಡವೇ ಬೇಡ. ಆ ಮೂಲೆ ಗಾಳಿಯಲ್ಲಿ ಚಾವಟಿಯಂತೆ ಬೀಸುತ್ತದೆ, ಕೂತವರ ಮುಖದ ಎತ್ತರದಲ್ಲೇ. ಅಲ್ಲಿ ಬೋಲೈನ್ ಗಂಟು ಹಾಕಿ, ಇಲ್ಲವೇ ಡೈನೀಮಾ ಅನ್ನುವ ಬಲವಾದ ನೂಲಿನ ಹಗ್ಗದಲ್ಲಿ ಹೆಣೆದ ಮೆತ್ತನೆ ಶ್ಯಾಕಲ್ ಹಾಕಿ. ಮಕ್ಕಳಿರುವ ದೋಣಿಯಲ್ಲಿ ಈ ಮಾತನ್ನು ನಾನು ಒಂದು ಚೂರೂ ಬಿಟ್ಟುಕೊಡುವುದಿಲ್ಲ.

ಲಂಗರಿಗೆ ಸ್ನ್ಯಾಪ್ ಹುಕ್ ಹಾಕಬಾರದು. ನೀರಿನಡಿ ಅದು ಯಾವ ಕಡೆ ತಿರುಗಿತು ಅಂತ ಯಾರೂ ನೋಡುವುದಿಲ್ಲ. ಶ್ಯಾಕಲ್ ಹಾಕಿ, ಪಿನ್ನಿಗೆ ತಂತಿ ಸುತ್ತಿ. ದೊಡ್ಡ ಹಾಯಿಯ ರಾಟೆಗಳಿಗೂ ಶ್ಯಾಕಲ್ಲೇ. ನೀರು ಎತ್ತಿ ಚೆಲ್ಲುವ ಬಕೆಟ್ಟು, ನೀರಿನ ಬಾಟಲಿ, ಚೀಲ, ದೋಣಿ ದಡಕ್ಕೆ ಬಡಿಯದಂತೆ ಪಕ್ಕಕ್ಕೆ ಇಳಿಬಿಡುವ ರಬ್ಬರು, ಇವಕ್ಕೆ ಯಾವ ಕೊಕ್ಕೆಯಾದರೂ ಆಗುತ್ತದೆ.

ಇನ್ನು ಮನುಷ್ಯರ ವಿಷಯ. ಮಗುಚಿಕೊಳ್ಳುವ ಸಣ್ಣ ದೋಣಿಯಲ್ಲಿ ಯಾರನ್ನೂ ದೋಣಿಗೆ ಕಟ್ಟಬಾರದು. ಮಗುಚಿದಾಗ ಅಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಲೈಫ್ ಜಾಕೆಟ್ ಹಾಕಿಸಿ, ಅಷ್ಟೇ. ದೊಡ್ಡ ಸಮುದ್ರದ ದೋಣಿಯಲ್ಲಿ ಕಟ್ಟಿಕೊಳ್ಳುವ ಪಟ್ಟಿಗೆ ಐಎಸ್ಒ 12401 ಅನ್ನುವ ಮಾನದಂಡ ಇದೆ. ಅದರಲ್ಲಿ ಪಟ್ಟಿಯ ಉದ್ದ 2 ಮೀಟರಿಗಿಂತ ಹೆಚ್ಚಿರಬಾರದು. ಕೊಕ್ಕೆ ಎರಡು ಕಡೆ ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುವಂಥದ್ದು ಬೇಕು. ಆಗ ಉಂಗುರ ಒಂದು ಕಡೆ ಒತ್ತಿದರೂ ಬಾಗಿಲು ಅಲ್ಲಾಡುವುದಿಲ್ಲ.

ಮರ ಹತ್ತುವವರಿಗೂ ಅದೇ ಲೆಕ್ಕ. ಸಿಲ್ವರ್ ಓಕ್ ಮೇಲೆ ಮೂವತ್ತು ನಲವತ್ತು ಅಡಿ ಎತ್ತರದಲ್ಲಿ ಮೆಣಸು ಕೊಯ್ಯುವವರ ಸೊಂಟದಲ್ಲಿ ಬೀಗದ ಕೈ ಗೊಂಚಲಿನ ಕೊಕ್ಕೆ, ನಾಯಿ ಸರಪಳಿಯ ಕೊಕ್ಕೆ ನೋಡಿದ್ದೇನೆ. ಅವು ಹೆಚ್ಚಾಗಿ ಸತುವಿನ ಎರಕ, ಒಂದು ಜಗ್ಗಿಗೆ ಎರಡು ತುಂಡಾಗುತ್ತವೆ. ಮನುಷ್ಯರಿಗೆ ಭಾರತೀಯ ಮಾನದಂಡ ಐಎಸ್ 3521 ಗುರುತಿನ ಹಾರ್ನೆಸ್ (ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ), ಅದರದೇ ಬೀಗದ ಕೊಕ್ಕೆ. ಒಂದು ಹಾರ್ನೆಸ್ಸಿಗೆ ಎಷ್ಟು ಮೂಟೆ ಮೆಣಸು ಮಾರಬೇಕು ಅಂತ ಲೆಕ್ಕ ಹಾಕಿ ನೋಡಿ. ಒಂದೂ ಬೇಕಾಗುವುದಿಲ್ಲ.

ಈಗ ನಮ್ಮ ಕೊಕ್ಕೆಗಳು ಗೊಬ್ಬರದ ಕೋಣೆಯಲ್ಲಿಲ್ಲ. ಅಡುಗೆಮನೆಯ ಅಟ್ಟದಲ್ಲಿ, ಒಲೆಯ ಬಿಸಿ ತಾಗುವ ಕಡೆ, ಒಂದು ಹಲಗೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಸಮುದ್ರದಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯುತ್ತೇವೆ. ದೋಣಿ ಇಳಿಸುವ ಮೊದಲು ತಂಗಿಯ ಮಗಳು ಪ್ರತಿಯೊಂದನ್ನೂ ಅಕ್ಕಿಕಾಳಿನಷ್ಟು ತೆರೆದು ಬಿಡುತ್ತಾಳೆ, ಅಂಗೈಗೆ ಬಡಿಯುತ್ತಾಳೆ, ಬೆಳಕಿಗೆ ಹಿಡಿದು ಮೂಗು ನೋಡುತ್ತಾಳೆ. ಐದು ನಿಮಿಷದ ಕೆಲಸ. ತಪ್ಪಿದ್ದನ್ನು ನಾನು ಗರಗಸದಿಂದ ಎರಡು ತುಂಡು ಮಾಡಿಯೇ ಗುಜರಿಗೆ ಹಾಕುತ್ತೇನೆ. ಇಡಿಯಾಗಿ ಬಿಸಾಡಿದರೆ ಮೆಣಸಿನ ಕೊಯ್ಲು ಬಂದಾಗ ಅದನ್ನು ಯಾರಾದರೂ ಎತ್ತಿಕೊಂಡು ಏಣಿಗೆ ಕಟ್ಟಿಬಿಡುತ್ತಾರೆ.